ಪಹಣಿ ಇಲ್ಲದ ಫೈಲುಗಳು

ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕ ಸಿಕ್ಕಿತು. ಪುಟ ಮುಟ್ಟಿದರೆ ಪುಡಿ. ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಕೈಲಿ ಓದಿಸೋಣ ಅಂತ ಮ್ಯಾಕ್ ತೆಗೆದೆ. ಮ್ಯಾಕ್‌ಗೆ ಸಾಫ್ಟ್‌ವೇರ್ ತಂದು ಹಾಕಿಕೊಡುವ ಪ್ಯಾಕೇಜ್ ಮ್ಯಾನೇಜರ್ ಹೋಮ್‌ಬ್ರೂನಲ್ಲಿ ಎರಡೇ ಸಾಲು. ಬ್ರೂ ಇನ್‌ಸ್ಟಾಲ್ ಟೆಸರಾಕ್ಟ್, ಆಮೇಲೆ ಟೆಸರಾಕ್ಟ್-ಲ್ಯಾಂಗ್. ಎರಡನೆಯದನ್ನು ಮರೆತರೆ ಅದಕ್ಕೆ ಕನ್ನಡ ಬರುವುದಿಲ್ಲ. ಕಾಫಿ ಮುಗಿಯುವುದರೊಳಗೆ ಎಲ್ಲ ರೆಡಿ.

ಇದೇ ಟೆಸರಾಕ್ಟನ್ನು ಹಿಂದೊಮ್ಮೆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದರ ಮೂಲ ಕೋಡ್ (ಸೋರ್ಸ್) ತಂದು ಕೈಯಾರೆ ಕಟ್ಟಿದ್ದೆ. "ಸೋರ್ಸ್‌ನಿಂದ ಬಿಲ್ಡ್ ಮಾಡು, ಕಲೀತೀಯ" ಎಂದಿದ್ದ ಗೆಳೆಯ. ಬೇಕಾದದ್ದೆಲ್ಲ ಇದೆಯಾ ಅಂತ ನೋಡುವ ಕಾನ್ಫಿಗರ್ ಓಡಿಸಿದರೆ, ಚಿತ್ರ ಓದಲು ಟೆಸರಾಕ್ಟ್‌ಗೆ ಬೇಕಾದ ಲೆಪ್ಟೋನಿಕಾ ಎಲ್ಲಿ ಎಂದಿತು. ಅದನ್ನೂ ತಂದು ಕಟ್ಟಿದೆ. ಎಲ್ಲ ಆಯಿತು ಅಂದುಕೊಂಡು ಸ್ಕ್ಯಾನ್ ಕೊಟ್ಟರೆ ಟಿಫ್ ಫೈಲು ತೆರೆಯಲೇ ಇಲ್ಲ. ಲೆಪ್ಟೋನಿಕಾ ಕಟ್ಟುವಾಗ ಟಿಫ್ ಓದುವ ಲಿಬ್‌ಟಿಫ್ ಇರಲಿಲ್ಲವಂತೆ, ಅದು ಸುಮ್ನೆ ಬಿಟ್ಟು ಮುಂದೆ ಹೋಗಿತ್ತು. ಮತ್ತೆ ಮೊದಲಿಂದ. ಕೊನೆಗೆ ರಾತ್ರಿ ಎರಡಕ್ಕೆ, ಕಟ್ಟಿದ್ದನ್ನು ಸಿಸ್ಟಮಿಗೆ ಸೇರಿಸುವ ಸುಡೋ ಮೇಕ್ ಇನ್‌ಸ್ಟಾಲ್ ಹೊಡೆದು ಮಲಗಿದೆ.

ಕಲಿತೆ, ಸುಳ್ಳಲ್ಲ. ಆದರೆ ನಿಜವಾದ ಪಾಠ ಆದದ್ದು ಕೆಲವು ತಿಂಗಳ ಮೇಲೆ. ಆ ಲಿನಕ್ಸ್‌ನದೇ ಪ್ಯಾಕೇಜ್ ಮ್ಯಾನೇಜರ್ ಆಪ್ಟ್‌ನಿಂದ ಹೊಸ ಟೆಸರಾಕ್ಟ್ ಹಾಕಿದೆ. ವರ್ಷನ್ ಕೇಳಿದರೆ ಹಳೆಯದನ್ನೇ ಹೇಳುತ್ತದೆ! ನಾನು ಕಟ್ಟಿದ್ದು ಯೂಸರ್-ಲೋಕಲ್ ಫೋಲ್ಡರಿನಲ್ಲಿ ಕೂತಿತ್ತು, ಸಿಸ್ಟಮ್ ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಪಟ್ಟಿ ಪಾತ್‌ನಲ್ಲಿ ಅದೇ ಮೊದಲು. ತೆಗೆಯೋಣ ಅಂದರೆ ಸೋರ್ಸ್ ಫೋಲ್ಡರನ್ನು ಯಾವತ್ತೋ ಅಳಿಸಿದ್ದೆ, ಮೇಕ್ ಅನ್‌ಇನ್‌ಸ್ಟಾಲ್‌ಗೂ ದಾರಿಯಿಲ್ಲ. ಈ ಫೈಲು ಯಾವ ಪ್ಯಾಕೇಜಿನದು ಅಂತ, ಆಪ್ಟ್ ಹಿಂದೆ ಕೂತು ಲೆಕ್ಕ ಇಡುವ ಡಿಪಿಕೆಜಿಯನ್ನು ಕೇಳಿದೆ. ಯಾವುದರದ್ದೂ ಅಲ್ಲ ಎಂದಿತು. ಪಹಣಿ ಇಲ್ಲದ ಜಾಗದ ಹಾಗೆ. ಒಂದೊಂದೇ ಹುಡುಕಿ ಅಳಿಸಿದೆ. ಅಳಿಸುವಾಗೆಲ್ಲ ಕೈ ನಡುಗುತ್ತಿತ್ತು.

ಪ್ಯಾಕೇಜ್ ಮ್ಯಾನೇಜರ್ ಅಂದರೆ ಡೌನ್‌ಲೋಡ್ ಮಾಡಿಕೊಡುವವನು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅವನು ಶಾನುಭೋಗ. ಯಾವ ಫೈಲು ಯಾರದ್ದು, ಯಾರು ಹೋದರೆ ಯಾರಿಗೆ ತೊಂದರೆ, ಎಲ್ಲ ಅವನ ಲೆಕ್ಕದಲ್ಲಿದೆ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನವರು ಈ ಲೆಕ್ಕ ಇಡಲು ಶುರುಮಾಡಿದ್ದು 1990ರ ದಶಕದಲ್ಲಿ. ಮ್ಯಾಕ್‌ನಲ್ಲಿ ಮ್ಯಾಕ್‌ಪೋರ್ಟ್ಸ್ 2002ರಿಂದ ಇದೆ, ಹೋಮ್‌ಬ್ರೂ 2009ರಲ್ಲಿ ಬಂತು. ಎರಡರಲ್ಲಿ ಯಾವುದಾದರೂ ಸರಿ, ಆದರೆ ಒಂದೇ ಇರಲಿ. ಒಂದು ಊರಿಗೆ ಇಬ್ಬರು ಶಾನುಭೋಗರು ಬೇಡ. ಎರಡೂ ಇದ್ದರೆ ಹೋಮ್‌ಬ್ರೂನ ತಪಾಸಣೆ ಕಮಾಂಡ್ ಬ್ರೂ ಡಾಕ್ಟರ್ ತಾನೇ ಎಚ್ಚರಿಸುತ್ತದೆ.

(ಹೋಮ್‌ಬ್ರೂ ಭಾಷೆ ಪೂರ್ತಿ ಬಿಯರ್ ಅಂಗಡಿಯದು. ಪ್ಯಾಕೇಜ್ ಇಡುವ ಜಾಗ ಸೆಲ್ಲರ್, ಕಟ್ಟಿಟ್ಟ ಪ್ಯಾಕೇಜ್ ಬಾಟಲ್. ಮಜ್ಜಿಗೆ ದಾಟಿ ಏನೂ ಕುಡಿಯದ ನಮ್ಮ ಮನೆಯಲ್ಲಿ ಈಗ ಬಾಟಲಿಗಳ ರಾಶಿ.)

ಡೆಬಿಯನ್‌ನ ಸ್ಥಿರ ಆವೃತ್ತಿ ಸ್ಟೇಬಲ್‌ನಲ್ಲಿ ಎಲ್ಲ ಹಳೇ ವರ್ಷನ್ ಅಂತ ಗೊಣಗುವವರಿದ್ದಾರೆ. ಹೌದು, ಹಳೆಯದೇ. ನನಗಂತೂ ಹಳೆಯದಾದರೂ ಲೆಕ್ಕ ಸಿಗುವುದೇ ಬೇಕು. ನೆಟ್‌ನಿಂದ ಬಂದ ಸ್ಕ್ರಿಪ್ಟನ್ನು ಓದದೆ, ಕಮಾಂಡ್ ಓಡಿಸುವ ಬ್ಯಾಶ್‌ಗೆ ನೇರ ಸುರಿಯುವುದೂ ನನಗೆ ಹಿಡಿಸುವುದಿಲ್ಲ. ಹೋಮ್‌ಬ್ರೂ ಹಾಕುವುದೂ ಹಾಗೇ ಅಲ್ವಾ ಎಂದು ಕೇಳಬೇಡಿ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಿನ್ನೆ ಬ್ರೂ ಲೀವ್ಸ್ ಓಡಿಸಿದೆ. ಬೇರೆ ಯಾವ ಪ್ಯಾಕೇಜಿಗೂ ಬೇಕಿಲ್ಲದ ಹೆಸರುಗಳು ಅದರಲ್ಲಿ ಬರುತ್ತವೆ. ಒಂಬತ್ತಿದ್ದವು. ಎರಡನ್ನು ಯಾಕೆ ಹಾಕಿದ್ದೆನೋ ನೆನಪೇ ಆಗಲಿಲ್ಲ. ತೆಗೆದು ಆಟೋರಿಮೂವ್ ಕೊಟ್ಟೆ. ಅವುಗಳ ಹಿಂದೆ ಬಂದು ಸೇರಿದ್ದ ಇನ್ನೂ ಹದಿನಾಲ್ಕು ತಾವಾಗಿಯೇ ಎದ್ದು ಹೋದವು. ಟೆಸರಾಕ್ಟ್ ಮಾತ್ರ ಅಲ್ಲೇ ಕೂತು ಅಜ್ಜನ ಪುಸ್ತಕ ಓದುತ್ತಿದೆ, ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾ.