ಮುಹೂರ್ತ ನೋಡಿ ಪಾಠ

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಂಚು, ಪಕಾಸು, ರೀಪುಗಳನ್ನೆಲ್ಲ ಇಳಿಸಿ ಹೊಸ ಮಾಡು ಹೊದಿಸುವ ಕಾಮಗಾರಿ ಮಂಜೂರಾದಾಗ, ಅಲ್ಲಿಯವರೆಗೆ ಮಕ್ಕಳನ್ನು ಎಲ್ಲಿ ಕೂರಿಸುವುದೆಂಬ ಪ್ರಶ್ನೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆ ಕಂಡುಕೊಂಡ ಉತ್ತರ ಊರಿನ ಕಲ್ಯಾಣ ಮಂಟಪ. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ, ಶ್ರಾವಣ ಹುಟ್ಟುವುದರೊಳಗೆ ಕೆಲಸ ಮುಗಿಸಿಕೊಡುತ್ತೇವೆ ಎಂದು ಗುತ್ತಿಗೆದಾರರು ಮಾತು ಕೊಟ್ಟರು. ಮಲೆನಾಡಿನ ಆಷಾಢದಲ್ಲಿ ಮದುವೆಯಂತೆಯೇ ಮಾಡಿನ ಕೆಲಸವೂ ನಡೆಯುವುದಿಲ್ಲವೆಂಬುದು, ಕೊಡೆ ಹಿಡಿದೇ ಸಭೆಗೆ ಬಂದಿದ್ದ ಯಾರಿಗೂ ಹೊಳೆಯಲಿಲ್ಲ.

ವೇದಿಕೆಯ ಮೇಲೆ ಏಳನೆಯ ತರಗತಿ, ಊಟದ ಹಾಲಿನಲ್ಲಿ ನಾಲ್ಕರಿಂದ ಆರು, ವರನ ಕೋಣೆಯಲ್ಲಿ ಕಚೇರಿ, ವಧುವಿನ ಕೋಣೆಯಲ್ಲಿ ಒಂದರಿಂದ ಮೂರರ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ಎಂದು ಹಂಚಿಕೆಯಾಯಿತು. ವಧುವಿನ ಕೋಣೆಯ ಗೋಡೆಯುದ್ದಕ್ಕೂ ಕನ್ನಡಿ ಇದ್ದುದರಿಂದ ಮೂವತ್ತು ಮಕ್ಕಳು ಅರವತ್ತಾಗಿ ಕಾಣುತ್ತಿದ್ದರು. ಅವರಾದರೋ ಕಲಿಕಾ ಕಾರ್ಡುಗಳನ್ನು ಬದಿಗಿಟ್ಟು, ಕನ್ನಡಿಗೆ ಮೂಗು ತಾಗಿಸಿ, ಬಿದ್ದ ಹಲ್ಲಿನ ಜಾಗವನ್ನು ಪರೀಕ್ಷಿಸುವುದನ್ನೇ ಚಟುವಟಿಕೆಯಾಗಿಸಿಕೊಂಡರು. ಊಟದ ಹಾಲಿನಲ್ಲಿ ನಾಲ್ಕನೆಯವರು ಏಳರ ಮಗ್ಗಿಯನ್ನು ಆರಂಭಿಸಿದರೆ ಐದನೆಯವರು ಅದನ್ನು ಎಂಟರ ಮಗ್ಗಿಯಲ್ಲಿ ಮುಗಿಸುತ್ತಿದ್ದರು.

ಶ್ರಾವಣ ಬಂತು, ಮಾಡು ಬರಲಿಲ್ಲ. ಅಲ್ಲಿಂದ ಮುಂದೆ ನಮ್ಮ ವೇಳಾಪಟ್ಟಿಯನ್ನು ನಿರ್ಧರಿಸಿದ್ದು ಶಿಕ್ಷಣ ಇಲಾಖೆಯಲ್ಲ, ಪಂಚಾಂಗ. ಮುಹೂರ್ತವಿದ್ದ ದಿನ ಶಾಲೆಗೆ ರಜೆ. ಆದರೆ ಮಂಟಪದಲ್ಲಿ ಮಕ್ಕಳ ಹಾಜರಾತಿ ಪೂರ್ಣವಾಗಿರುತ್ತಿದ್ದುದು ಆ ದಿನಗಳಲ್ಲೇ. ಮಕ್ಕಳ ಚಿತ್ರಗಳನ್ನು ತೂಗುಹಾಕಲು ನಾವು ದಾರ ಕಟ್ಟಿ ಮಾಡಿದ್ದ ನಲಿಕಲಿ ಚಪ್ಪರಕ್ಕೆ ಅಲಂಕಾರದವರು ಚೆಂಡುಹೂವಿನ ಮಾಲೆ ಇಳಿಬಿಟ್ಟರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿಯನ್ನು ಆರಂಭಿಸಿದವರು ಈ ಉಪಯೋಗವನ್ನು ಊಹಿಸಿರಲಾರರು.

ಒಂದು ಬುಧವಾರ, ಗರಿಗರಿಯಾದ ಬಿಳಿ ಪಂಚೆಯುಟ್ಟ ಹಿರಿಯರೊಬ್ಬರು ಬಂದು ಗಂಭೀರವಾಗಿ ಮುಂದಿನ ಸಾಲಿನಲ್ಲಿ ಕುಳಿತರು. ತಪಾಸಣೆಗೆ ಬಂದವರಿರಬೇಕೆಂದು ಭಾವಿಸಿದ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತಂದಿಟ್ಟು, ಕ್ಷೀರಭಾಗ್ಯದ 150 ಮಿಲಿಲೀಟರ್ ಬಿಸಿ ಹಾಲನ್ನು ಅಳತೆ ತಪ್ಪದಂತೆ ಲೋಟಕ್ಕೆ ಸುರಿಸಿ ಕೊಟ್ಟರು. ಅವರು ಹಾಲು ಕುಡಿದು, ಏಳನೆಯ ತರಗತಿಯ ಸರಳ ಬಡ್ಡಿಯ ಲೆಕ್ಕವನ್ನು ತಲೆದೂಗುತ್ತ ಆಲಿಸಿ, ಬಿಸಿಯೂಟದ ಪಂಕ್ತಿಯಲ್ಲಿ ಕುಳಿತು ಎರಡು ಬಾರಿ ಸಾಂಬಾರು ಹಾಕಿಸಿಕೊಂಡರು. “ಅಡುಗೆ ಚೆನ್ನಾಗಿತ್ತು, ಸಿಹಿ ಒಂದು ಇರಬೇಕಿತ್ತು” ಎಂದು ಹೇಳಿ ಮುಖ್ಯೋಪಾಧ್ಯಾಯರ ಕೈಗೆ ಲಕೋಟೆಯೊಂದನ್ನಿತ್ತು ಹೊರಟರು. ತಪಾಸಣೆಗೆ ಬಂದವರು ಲಕೋಟೆ ಕೊಟ್ಟು ಹೋಗುವುದನ್ನು ಸೇವಾವಧಿಯಲ್ಲೇ ಕಂಡಿರದ ನಮ್ಮ ಸಾಹೇಬರು ಅದನ್ನು ಒಡೆದು ನೋಡಿದರೆ, ಒಳಗೆ 501 ರೂಪಾಯಿ ಮುಯ್ಯಿ, ಮೇಲೆ ವಧೂವರರಿಗೆ ಆಶೀರ್ವಾದ.

ಮದುವೆಯಿದ್ದುದು ಮರುದಿನ. ಲಕೋಟೆಯನ್ನು ಮದುವೆಯ ಮನೆಯವರಿಗೆ ತಲುಪಿಸಲು ನಾವು ಹೋದಾಗ ಅದೇ ಹಿರಿಯರು ಬಾಗಿಲಲ್ಲೇ ಎದುರಾಗಿ, “ಏನು ಸ್ವಾಮಿ, ಇವತ್ತೂ ಊಟ ಉಂಟೋ?” ಎಂದು ಸಂತೋಷದಿಂದ ವಿಚಾರಿಸಿದರು.