ಗಾಂಜಾ ಸೇದಿ ಸಿಕ್ಕಿಬಿದ್ದವರನ್ನು ಕೋರ್ಟಿಗೆ ಕಳಿಸಬೇಕೋ, ಚಿಕಿತ್ಸೆಗೋ?

ಪರ: ಮೊದಲು ಡಾಕ್ಟರ ಮುಂದೆ ಕೂರಿಸಿ

ಕೋಲಾರದ ಟೊಮೆಟೊ ಮಾರ್ಕೆಟ್‌ನಲ್ಲಿ ಸೀಸನ್ ಜೋರಾದಾಗ ಲೋಡಿಂಗ್ ಹುಡುಗರಿಗೆ ರಾತ್ರಿ ಹಗಲು ಒಂದೇ. 15 ಕೆ.ಜಿ. ಬಾಕ್ಸುಗಳನ್ನು ಲಾರಿಗೆ ಏರಿಸಿ ಏರಿಸಿ ಸೊಂಟ ಬಿದ್ದುಹೋಗಿರುತ್ತದೆ. ಅಂಥ ಹುಡುಗನೊಬ್ಬ ನೋವು ಮರೆಯಲು ಗಾಂಜಾ ಹಿಡಿದ ಅಂದುಕೊಳ್ಳಿ. ಪೊಲೀಸರು ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಪಾಸಿಟಿವ್ ಬಂದರೆ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತು ತಡೆ ಕಾನೂನಿನ, 27ನೇ ಸೆಕ್ಷನ್ ಕೇಸ್. 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಾಯಿದೆಗೆ ಅಲೆದು ಸಾಕಾಗಿ ಅವನು ತಪ್ಪೊಪ್ಪಿಕೊಳ್ಳುತ್ತಾನೆ. ಅಮ್ಮ ಓಲೆ ಅಡವಿಟ್ಟು ದಂಡ ಕಟ್ಟುತ್ತಾಳೆ. ನಾಳೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಕೇಳಿದರೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ಹಳೇ ಕೇಸ್ ಅಡ್ಡ ಬರುತ್ತದೆ. ಇಷ್ಟೆಲ್ಲ ಆದರೂ ಚಟ ಮಾತ್ರ ಹಾಗೇ ಇದೆ. ಅವನು ಯಾಕೆ ಸೇದುತ್ತಾನೆ ಅಂತ ಒಬ್ಬರೂ ಕೇಳಿರುವುದಿಲ್ಲ.

ನಮ್ಮ ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. 64ಎ ಸೆಕ್ಷನ್ ಇದೆ. ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಆದರೆ ಅದನ್ನು ಹುಡುಗನೇ ಕೇಳಬೇಕು. ಸೆಕ್ಷನ್ ನಂಬರೇ ಗೊತ್ತಿಲ್ಲದವನು ಏನಂತ ಕೇಳುತ್ತಾನೆ? 39ನೇ ಸೆಕ್ಷನ್ ಅಡಿ ಜಡ್ಜ್ ಚಿಕಿತ್ಸೆಗೆ ಕಳಿಸಬಹುದು, ಆದರೆ ಅದು ಅಪರಾಧಿ ಅಂತ ತೀರ್ಪಾದ ಮೇಲೆ. ಅಷ್ಟು ಹೊತ್ತಿಗೆ ಅವನ ಹೆಸರು ಕೆಟ್ಟಾಗಿರುತ್ತದೆ.

ನಾನು ಕೇಳುವುದು ಇಷ್ಟೇ. ಮೂತ್ರ ಪರೀಕ್ಷೆ ಮಾಡಿದ ಆಸ್ಪತ್ರೆಯಲ್ಲೇ, ಅವತ್ತೇ, ಅವನನ್ನು ಕೌನ್ಸೆಲರ್ ಮುಂದೆ ಕೂರಿಸಿ. ಎಫ್‌ಐಆರ್ ಆಮೇಲಿನ ಮಾತು. ಪೋರ್ಚುಗಲ್‌ನಲ್ಲಿ 2001ರಿಂದ ಸ್ವಂತ ಬಳಕೆಯಷ್ಟು ಡ್ರಗ್ಸ್ ಇಟ್ಟುಕೊಂಡವರು ಕ್ರಿಮಿನಲ್ ಕೋರ್ಟಿಗೆ ಹೋಗುವುದಿಲ್ಲ, ಕಾನೂನು ಮತ್ತು ಆರೋಗ್ಯ ಬಲ್ಲವರಿರುವ ಸಮಿತಿಯ ಮುಂದೆ ಹೋಗುತ್ತಾರೆ. ಮಾರಾಟ ಮಾತ್ರ ಅಲ್ಲೂ ಅಪರಾಧವೇ. ನಮ್ಮಲ್ಲಿ? ಅಕ್ರಮ ಡ್ರಗ್ಸ್ ಚಟ ಹತ್ತಿದ 20 ಜನರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಕಂಡವನು ಒಬ್ಬ ಅಂತ ಕೇಂದ್ರ ಸರ್ಕಾರದ 2019ರ ಸಮೀಕ್ಷೆಯೇ ಹೇಳಿತು. ಉಳಿದ 19 ಜನರನ್ನು ಮುಟ್ಟಲು ಕೈಗೆ ಸಿಕ್ಕ ಒಂದು ಅವಕಾಶವನ್ನು ಸುಮ್ನೆ ಕೇಸ್ ಬರೆದು ಕಳೆಯುತ್ತಿದ್ದೇವೆ.

ವಿರೋಧ: ಯಾವ ಚಿಕಿತ್ಸೆಗೆ ಕಳಿಸುತ್ತೀರಿ?

ಚಿಕಿತ್ಸೆ ಬೇಡ ಅಂತ ನಾನೂ ಹೇಳುವುದಿಲ್ಲ. ಕೋರ್ಟನ್ನು ಪಕ್ಕಕ್ಕಿಟ್ಟು ಠಾಣೆಯಿಂದಲೇ ದಾರಿ ತಿರುಗಿಸುವುದಕ್ಕೆ ನನ್ನ ತಕರಾರು.

ಮೊದಲು ಒಂದು ಲೆಕ್ಕ ನೋಡಿ. ನಮ್ಮ ಕಾನೂನಿನಲ್ಲಿ ಗಾಂಜಾದ 'ಸಣ್ಣ ಪ್ರಮಾಣ' ಅಂದರೆ 1 ಕೆ.ಜಿ.ವರೆಗೆ. ಐದು ಗ್ರಾಂನಂತೆ ಕಟ್ಟಿದರೆ 200 ಪೊಟ್ಟಣ! ಕಾಲೇಜು ಗೇಟಿನ ಹತ್ತಿರ ಮಾರುವವನೂ ಇದರೊಳಗೇ ಬರುತ್ತಾನೆ. ಸಿಕ್ಕಿಬಿದ್ದ ಕೂಡಲೇ 'ನಾನೂ ಚಟಗಾರ ಸಾರ್, ಆಸ್ಪತ್ರೆಗೆ ಕಳಿಸಿ' ಅನ್ನುತ್ತಾನೆ. ಸೇದುವವನು ಯಾರು, ಮಾರುವವನು ಯಾರು ಅಂತ ಠಾಣೆಯಲ್ಲಿ ತೀರ್ಮಾನಿಸುವವರು ಯಾರು? ನನಗೆ ಹೆದರಿಕೆ ಇರುವುದು ಇಲ್ಲೇ. ಆ ತೀರ್ಮಾನ ಪೊಲೀಸರ ಕೈಗೆ ಹೋದರೆ ಪರಿಚಯ, ದುಡ್ಡು ಇದ್ದವರ ಮಗ ಆಸ್ಪತ್ರೆಗೆ ಹೋಗುತ್ತಾನೆ, ಲೋಡಿಂಗ್ ಹುಡುಗ ಲಾಕಪ್ಪಿಗೆ. ಜಡ್ಜ್ ಮುಂದೆ ಆದರೆ ಬರಹದಲ್ಲಿ ಕಾರಣ ಕೊಡಬೇಕು, ಮೇಲಿನ ಕೋರ್ಟಿಗೂ ಹೋಗಬಹುದು.

ಇನ್ನು ಚಿಕಿತ್ಸೆಯ ವಿಷಯ. ಗಾಂಜಾ ಬಿಡಿಸಲು ಅಂತಲೇ ಒಂದು ಮಾತ್ರೆ ಇಲ್ಲ. ವಾರಗಟ್ಟಲೆ ಕೂರಿಸಿ ಮಾತಾಡಿಸುವುದೇ ಮುಖ್ಯ ಚಿಕಿತ್ಸೆ. ಅದಕ್ಕೆ ಜನ ಬೇಕು. ಶ್ರೀನಿವಾಸಪುರದ ಮಾವಿನ ತೋಟದ ಕೂಲಿಯವನನ್ನು ಪ್ರತಿ ವಾರ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಾ ಅಂದರೆ ಬರುತ್ತಾನಾ? ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು, ಅಲ್ವಾ? ಹತ್ತಿರದಲ್ಲಿ ಸರ್ಕಾರಿ ಸೇವೆ ಸಿಗದಿದ್ದರೆ ಮನೆಯವರು ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಸೇರಿಸುತ್ತಾರೆ. ಅಲ್ಲಿ ಬೀಗ ಹಾಕಿ ಕೂಡಿಟ್ಟರೆ ಅದೂ ಜೈಲೇ, ಜಾಮೀನು ಕೂಡ ಇಲ್ಲದ ಜೈಲು. ಒಮ್ಮೊಮ್ಮೆ ಸೇದುವ, ಚಟವೇ ಹತ್ತದ ಹುಡುಗನನ್ನೂ ಅಲ್ಲಿಗೆ ದಬ್ಬುವುದು ಅನ್ಯಾಯ.

ಅಮೆರಿಕದ ಓರೆಗಾನ್ ರಾಜ್ಯ 2020ರಲ್ಲಿ ಜನಮತ ಪಡೆದು, ಸ್ವಲ್ಪ ಡ್ರಗ್ಸ್ ಇಟ್ಟುಕೊಳ್ಳುವುದಕ್ಕೆ ಜೈಲು ಬೇಡ, ದಂಡ ಮತ್ತು ಸಹಾಯವಾಣಿ ಸಾಕು ಅಂದಿತು. ಕಾನೂನು ಬದಲಾಯಿತು, ಚಿಕಿತ್ಸೆಯ ವ್ಯವಸ್ಥೆ ಹಿಂದೆ ಬಿತ್ತು. ಸಹಾಯವಾಣಿಗೆ ಫೋನ್ ಮಾಡಿದವರು ಬಹಳ ಕಡಿಮೆ. 2024ರಲ್ಲಿ ಮತ್ತೆ ಅಪರಾಧ ಅಂತ ಮಾಡಬೇಕಾಯಿತು.

ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ, ಮಾಲೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನ, ಸಂಜೆ ಹೊತ್ತು, ವ್ಯಸನಮುಕ್ತಿ ಒಪಿಡಿ ನಡೆಯಲಿ. ಕೂಲಿ ಮುಗಿಸಿ ಬರಲು ಆಗಬೇಕು. ಅದು ವರ್ಷ ಪೂರ್ತಿ ನಿಲ್ಲದೆ ನಡೆದದ್ದನ್ನು ತೋರಿಸಿ. ಆಮೇಲೆ ಠಾಣೆಯಿಂದಲೇ ಚಿಕಿತ್ಸೆಗೆ ಕಳಿಸುವ ಮಾತು ಆಡೋಣ. ಅಲ್ಲಿವರೆಗೆ 64ಎ, 39ನೇ ಸೆಕ್ಷನ್ ಇವೆ ಅಂತ ಉಚಿತ ಕಾನೂನು ನೆರವಿನ ವಕೀಲರು ಪ್ರತಿಯೊಬ್ಬ ಹುಡುಗನಿಗೂ ಮೊದಲ ದಿನವೇ ಹೇಳಲಿ.