ಓಡುವವರಿಗೂ ಒಂದು ಲೋಟ ಪಾನಕ

ಹೋದ ಸೆಪ್ಟೆಂಬರಿನಲ್ಲಿ ಗ್ರೇಟ್ ನಾರ್ತ್ ರನ್ ಓಡಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಸೌತ್ ಶೀಲ್ಡ್ಸ್ ಕಡಲ ತೀರದವರೆಗೆ ಹಾಫ್ ಮ್ಯಾರಥಾನ್. 21 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ನನಗೆ 46 ವರ್ಷ. ಸ್ಕೂಲು ಬಿಟ್ಟ ಮೇಲೆ ಬಸ್ಸು ಹಿಡಿಯೋಕೆ ಬಿಟ್ಟರೆ ಓಡಿದವನಲ್ಲ.

ಹತ್ತು ಮೈಲಿ ಆದಮೇಲೆ ಜಾನ್ ರೀಡ್ ರಸ್ತೆ ಬರುತ್ತದೆ. ಕಣ್ಣಿಗೆ ಅದು ಏರು ಅನ್ನಿಸೋದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಅಲ್ಲಿ ನನ್ನ ತೊಡೆ ಹಿಡಿದುಕೊಂಡಿತು. ನಡೆಯೋಕೆ ಶುರು ಮಾಡಿದೆ. ರಸ್ತೆಯಂಚಿನಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಡಬ್ಬಿ ತುಂಬಾ ಕಿತ್ತಳೆ ಹೋಳು ಹಿಡಿದು ನಿಂತಿದ್ದಳು. ರಸ ಮೊಣಕೈ ತನಕ ಇಳಿದು ಅಂಟಾಗಿತ್ತು. ಮುಂದಿನವರು ಓಡಿಹೋಗಿ ಒಂದು ಗಂಟೆ ಮೇಲಾಗಿತ್ತು, ಆದರೂ ಅವಳು ಕೈ ಇಳಿಸಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ನನ್ನ ಬನಿಯನ್ ಮೇಲಿನ ಹೆಸರು ಓದಿ ಜೋರಾಗಿ ಕೂಗಿದರು. ಅವರ ಬಾಯಲ್ಲಿ ಹೆಸರು ಅರ್ಧ ಬೇರೆಯೇ ಆಗಿತ್ತು. ಆದರೂ ಕರೆದದ್ದು ನನ್ನನ್ನೇ ಅಲ್ವಾ? ಕಣ್ಣು ತುಂಬಿ ಬಂತು. ಹೋಳು ಬಾಯಿಗೆ ಹಾಕಿಕೊಂಡು ಮತ್ತೆ ಓಡಿದೆ.

ಆಗ ನೆನಪಾದದ್ದು ಚನ್ನರಾಯಪಟ್ಟಣದ ಹತ್ತಿರದ ನಮ್ಮೂರು. ಶಿವರಾತ್ರಿ ಮುಂಚೆ ಬೆಂಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ನಮ್ಮ ರಸ್ತೆಯಲ್ಲೇ ಹಾದುಹೋಗುತ್ತಿದ್ದರು. ಅಮ್ಮ ದೊಡ್ಡ ಕೊಳಗದಲ್ಲಿ ಪಾನಕ ಮಾಡಿ ಮರದ ಕೆಳಗೆ ಇಡುತ್ತಿದ್ದರು. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಲೋಟ ತುಂಬಿ ಕೊಡೋದು ನನ್ನ ಮತ್ತು ಅಕ್ಕನ ಕೆಲಸ. ಯಾರು, ಯಾವ ಊರು, ಯಾವ ಜನ ಅಂತ ಕೇಳುವ ಹಾಗಿರಲಿಲ್ಲ. ಕುಂಟುತ್ತಾ ಕೊನೆಗೆ ಬಂದವರಿಗೆ ಅಮ್ಮ ಎರಡು ಲೋಟ ಕೊಡಿಸುತ್ತಿದ್ದರು. ಹೊರಡುವಾಗ "ಹುಷಾರಾಗಿ ಹೋಗಿ ಬನ್ನಿ" ಅನ್ನುತ್ತಿದ್ದರು.

ದೂರ ಓಡುವವರು ಜೆಲ್ ಅಂತ ಪುಟ್ಟ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಒಂದೂವರೆ ಎರಡು ಗಂಟೆ ಓಟದಲ್ಲಿ ಕರಗುತ್ತಾ ಬರುತ್ತದೆ, ಬೆವರಿನಲ್ಲಿ ಉಪ್ಪು ಹೋಗುತ್ತದೆ. ಅದನ್ನು ತುಂಬಿಸೋಕೆ ಆ ಜೆಲ್. ಅಮ್ಮನ ಪಾನಕವೂ ಮಾಡುತ್ತಿದ್ದದ್ದು ಇದೇ ಕೆಲಸ.

ಹಾಗಾಗಿ ದಾರಿಹೋಕರಿಗೆ ಕೈ ನೀಡುವುದು ನಮಗೆ ಯಾರೂ ಕಲಿಸಬೇಕಾದ್ದಲ್ಲ. ಆದರೆ ದೇವರ ಹೆಸರಲ್ಲಿ ನಡೆಯುವವರಿಗೆ ಕೊಡುವ ಆ ಪ್ರೀತಿಯನ್ನು ಸುಮ್ನೆ ಆರೋಗ್ಯಕ್ಕೆ, ಖುಷಿಗೆ ಓಡುವವರಿಗೆ ಯಾಕೆ ಕೊಡೋದಿಲ್ಲ? ನನ್ನ ಅಕ್ಕನಿಗೆ ಈಗ 52. ಶುಗರ್ ಇದೆ. ಡಾಕ್ಟರ್ ವ್ಯಾಯಾಮ ಮಾಡಿ ಅಂದರು. ನನ್ನ ಓಟದ ಕಥೆ ಕೇಳಿ ಅವಳಿಗೂ ಆಸೆ ಹುಟ್ಟಿತು. ಶೂ ಕೊಂಡಳು. ಬೆಳಿಗ್ಗೆ ಕೆರೆ ಏರಿ ಮೇಲೆ ನಾಲ್ಕು ದಿನ ನಿಧಾನಕ್ಕೆ ಓಡಿದಳು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಅಂತ ಊರಿನವರು ಎದುರಿಗೇ ಕೇಳಿದರಂತೆ. ಬೈಕ್ ನಿಲ್ಲಿಸಿ ನೋಡಿದವರೂ ಇದ್ದರಂತೆ. ಐದನೇ ದಿನ ಹೋಗಲಿಲ್ಲ. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಇಳಿದಿತ್ತು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೆ ಒಂದು ಕಾರಣ ಸ್ಕೂಲಿನಲ್ಲೇ ಇದೆ ಅಂತ ನನಗನ್ನಿಸುತ್ತದೆ. ನಮ್ಮಲ್ಲಿ ಓಟ ಅಂದರೆ ಮೊದಲ ಮೂರು ಜನರದ್ದು. ಅವರಿಗೆ ಸ್ಟೀಲ್ ಲೋಟ, ಸೋಪಿನ ಡಬ್ಬಿ. ನಾಲ್ಕನೆಯವನ ಹೆಸರನ್ನು ಮೈಕಿನಲ್ಲಿ ಯಾರೂ ಕರೆಯಲಿಲ್ಲ. ಕೊನೆಗೆ ಬಂದವನಿಗೆ ಆ ವರ್ಷವೆಲ್ಲ ಒಂದು ಅಡ್ಡಹೆಸರು. ಹಾಗೆ ಬೆಳೆದ ಮೇಲೆ, ಗೆಲ್ಲದವರು ಓಡಿದರೆ ನೋಡುವವರಿಗೂ ವಿಚಿತ್ರ, ಓಡುವವರಿಗೂ ನಾಚಿಕೆ.

ನಾನಿರುವ ಇಂಗ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಕ್‌ರನ್ ಅಂತ 5 ಕಿಲೋಮೀಟರ್ ಓಟ ಇರುತ್ತದೆ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ. ನಡೆಸುವವರೆಲ್ಲ ಸ್ವಯಂಸೇವಕರು. ಅದರಲ್ಲಿ ಒಬ್ಬರು ಟೇಲ್ ವಾಕರ್. ಎಲ್ಲರಿಗಿಂತ ಹಿಂದೆ ಇರೋದೇ ಅವರ ಕೆಲಸ. ಬಂದವರಲ್ಲಿ ಯಾರೂ ಕೊನೆಯವರಾಗಬಾರದು ಅಂತ ಆ ಜಾಗವನ್ನು ಅವರೇ ತೆಗೆದುಕೊಳ್ಳುತ್ತಾರೆ. ನನ್ನ ಮೊದಲ ಶನಿವಾರ ನನ್ನ ಹಿಂದೆ ಇದ್ದದ್ದು ಅವರೊಬ್ಬರೇ. ಕೊನೆಯ ಸುತ್ತಿನಲ್ಲಿ ಮಾತಾಡಿಸುತ್ತಾ ಜೊತೆಗೇ ಬಂದರು, ಗೆರೆ ಹತ್ತಿರ ಬಂದಾಗ ಎರಡು ಹೆಜ್ಜೆ ಹಿಂದೆ ಉಳಿದರು. ಆ ಎರಡು ಹೆಜ್ಜೆಯ ಋಣ ನನ್ನ ಮೇಲಿದೆ.

ಗ್ರೇಟ್ ನಾರ್ತ್ ರನ್ ಕೂಡ ಹಾಗೇ ಊರಿನವರಿಂದ ಹುಟ್ಟಿದ್ದು. ಆ ಭಾಗದವರೇ ಆದ ಓಟಗಾರ ಬ್ರೆಂಡನ್ ಫಾಸ್ಟರ್ 1981ರಲ್ಲಿ ಶುರು ಮಾಡಿದರು. ಒಲಿಂಪಿಕ್ಸ್ ಚಿನ್ನ ಗೆದ್ದ ಬ್ರಿಟನ್ನಿನ ಓಟಗಾರ ಮೊ ಫರಾ 2014ರಿಂದ 2019ರವರೆಗೆ ಸತತ ಆರು ಸಲ ಗೆದ್ದದ್ದು ಇದೇ ರಸ್ತೆಯಲ್ಲಿ. ಅವರಿಗೆ ಸುಮಾರು ಒಂದು ಗಂಟೆ ಸಾಕಾಗಿತ್ತು. ನನಗೆ 2 ಗಂಟೆ 38 ನಿಮಿಷ ಬೇಕಾಯಿತು. ಕಡಲಿನ ಕಡೆಗೆ ಇಳಿಜಾರು ಇಳಿದು ಎಡಕ್ಕೆ ತಿರುಗಿದರೆ ಕೊನೆಯ ಒಂದು ಮೈಲಿ. ಅಲ್ಲಿ ಎರಡೂ ಕಡೆ ಜನ ಇನ್ನೂ ನಿಂತೇ ಇದ್ದರು.

ನಮ್ಮಲ್ಲಿ ಏನೂ ಬದಲಾಗಿಲ್ಲ ಅಂತ ನಾನು ಹೇಳೋದಿಲ್ಲ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಅಂತ 10 ಕಿಲೋಮೀಟರ್ ಓಟ ನಡೆಯುತ್ತಿದೆ. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಎಲ್ಲ ವಯಸ್ಸಿನವರೂ ಓಡುತ್ತಾರೆ. ಇಂಗ್ಲೆಂಡಿನಲ್ಲೂ ಹೆಂಗಸರು ಕತ್ತಲಾದ ಮೇಲೆ ಒಬ್ಬರೇ ಓಡೋಕೆ ಹೆದರುತ್ತಾರೆ. ಆದರೆ ನಾನು ಮಾತಾಡುತ್ತಿರೋದು ನಮ್ಮ ಕೆರೆ ಏರಿಯ ಬಗ್ಗೆ. ಅಲ್ಲಿಗೆ ಟಾರ್ ರಸ್ತೆ, ಮೆಡಲ್ಲು, ಟೀ ಶರ್ಟು ಯಾವುದೂ ಬೇಡ. ಓಡುವ ಹೆಂಗಸನ್ನು ನೋಡಿ ಒಬ್ಬರು "ನಡೀರಿ ಅಕ್ಕಾ, ಚೆನ್ನಾಗಿ ಓಡ್ತಿದ್ದೀರಾ" ಅಂದರೆ ಸಾಕಿತ್ತು.

ಶಿವರಾತ್ರಿಗೆ ಊರಿಗೆ ಟಿಕೆಟ್ ಮಾಡಿಸಿದ್ದೇನೆ. ಪಾನಕದ ಕೊಳಗ ಇನ್ನೂ ಅಟ್ಟದ ಮೇಲಿದೆಯಂತೆ, ಅಕ್ಕ ನೋಡಿ ಹೇಳಿದಳು. ಬೆಳಿಗ್ಗೆ ಆರಕ್ಕೆ ಇಬ್ಬರೂ ಏರಿ ಮೇಲೆ ಹೋಗುತ್ತೇವೆ. ಅವಳ ಹಿಂದೆ ಎರಡು ಹೆಜ್ಜೆ ಬಿಟ್ಟು ನಾನು ಓಡುತ್ತೇನೆ.